ಬೀಗ ಯಾರ ಬಾಗಿಲಿಗೆ? ಸೈಬರ್ ಭದ್ರತೆಯ ವಕೀಲರಿಗೊಂದು ಉತ್ತರ

ಇಂಟರ್‌ನೆಟ್ ಮೇಲೆ ಸರ್ಕಾರದ ಹಿಡಿತ ಬಿಗಿಯಾದಷ್ಟೂ ದೇಶ ಭದ್ರವಾಗುತ್ತದೆ ಎಂಬ ವಾದ ಟಿ.ವಿ. ಚರ್ಚೆಗಳಲ್ಲಿ, ಪತ್ರಿಕೆಗಳ ಅಂಕಣಗಳಲ್ಲಿ, ನ್ಯಾಯಾಲಯಗಳಿಗೆ ಸಲ್ಲಿಕೆಯಾಗುವ ಪ್ರಮಾಣಪತ್ರಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಗಲಭೆಯಾದರೆ ಇಂಟರ್‌ನೆಟ್ ನಿಲ್ಲಿಸಬೇಕು, ಗುರುತು ಮರೆಮಾಡುವ ವಿಪಿಎನ್ ಸೇವೆ ಬಳಸುವವರ ಹೆಸರು-ವಿಳಾಸ ಐದು ವರ್ಷ ಕೂಡಿಡಬೇಕು, ಸೋರಿಕೆಯ ಸುದ್ದಿಯನ್ನು ಗುಟ್ಟಾಗಿಡಬೇಕು. ಪ್ರಶ್ನಿಸುವವರಿಗೆ ದೇಶದ ಕಷ್ಟ ಗೊತ್ತಿಲ್ಲ. ಬಿಗಿ ಹಿಡಿತದ ಸಮರ್ಥಕರ ಮಾತಿನ ತಿರುಳು ಇಷ್ಟು. ಹೀಗೆ ವಾದಿಸುವವರು ದಡ್ಡರೆಂದು ನಾನು ಭಾವಿಸಿಲ್ಲ. ಅವರಲ್ಲಿ ಅನೇಕರಿಗೆ ದೇಶದ ಬಗ್ಗೆ ನಿಜವಾದ ಕಾಳಜಿಯೂ ಇದೆ. ಆದ್ದರಿಂದಲೇ ಅವರ ಒಂದೊಂದು ಮಾತನ್ನೂ ಅದರ ಪೂರ್ಣ ಬಲದಲ್ಲೇ ಎತ್ತಿಕೊಂಡು ನೋಡುತ್ತೇನೆ. ಇಲ್ಲಿ ಪಕ್ಷದ ಪ್ರಶ್ನೆಯೂ ಇಲ್ಲ. ಮುಂದೆ ಬರುವ ಉದಾಹರಣೆಗಳಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳಿವೆ. ತೀರ್ಪು ಓದುಗರದು.

ಅವರ ಅತ್ಯಂತ ಬಲವಾದ ವಾದದಿಂದಲೇ ಶುರುಮಾಡೋಣ. ವದಂತಿ ಜೀವ ತೆಗೆಯುತ್ತದೆ, ಇಂಟರ್‌ನೆಟ್ ನಿಂತರೆ ವದಂತಿ ನಿಲ್ಲುತ್ತದೆ, ಜೀವ ಉಳಿಯುತ್ತದೆ ಎನ್ನುತ್ತಾರೆ. ಮೊದಲ ಭಾಗವನ್ನು ನಾನೂ ಒಪ್ಪುತ್ತೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಅದನ್ನು ಮರೆತು ಈ ವಿಷಯ ಮಾತನಾಡುವ ಹಕ್ಕು ಯಾರಿಗೂ ಇಲ್ಲ. ಎರಡನೆಯ ಭಾಗಕ್ಕೆ ಮಾತ್ರ ಪುರಾವೆ ಎಲ್ಲಿದೆ? ಆ ತಿಂಗಳು ವಾಟ್ಸ್‌ಆ್ಯಪ್ ಒಂದು ಸಂದೇಶವನ್ನು ಏಕಕಾಲಕ್ಕೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಭಾರತದಲ್ಲಿ ಮಿತಿ ಹಾಕಿತು. ಅದು ವದಂತಿಯ ಕಾಲಿಗೆ ಹಾಕಿದ ಕಟ್ಟು. ಇಡೀ ಜಿಲ್ಲೆಯ ಇಂಟರ್‌ನೆಟ್ ಕಡಿಯುವುದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ. ಸುಳ್ಳಿನ ಜೊತೆ ಅದನ್ನು ಅಲ್ಲಗಳೆಯುವ ನಿಜವೂ ನಿಲ್ಲುತ್ತದೆ. ಬಾಯಿಂದ ಬಾಯಿಗೆ ಹರಡುವ ಸುಳ್ಳಿಗೆ ಸಿಗ್ನಲ್ ಬೇಕಿಲ್ಲ; ಅದನ್ನು ಅಲ್ಲಗಳೆಯುವ ಪೊಲೀಸ್ ಪ್ರಕಟಣೆಗೆ ಬೇಕು.

ಮಣಿಪುರವನ್ನು ನೋಡಿ. 2023ರ ಮೇ 3ರಂದು ಹಿಂಸಾಚಾರ ಶುರುವಾಯಿತು, ಇಂಟರ್‌ನೆಟ್ ನಿಂತಿತು. ಮಾರನೆಯ ದಿನ ಒಂದು ಗುಂಪು ಮಹಿಳೆಯರನ್ನು ಬೆತ್ತಲೆ ಮಾಡಿ ಮೆರವಣಿಗೆ ಮಾಡಿತು. ದೂರು ದಾಖಲಾದದ್ದು ಮೇ 18ಕ್ಕೆ. ಬಳಿಕ ಏನೂ ಆಗಲಿಲ್ಲ. ಜುಲೈ 19ರಂದು ಆ ವಿಡಿಯೊ ಹೊರಬಂತು. ಮಾರನೆಯ ದಿನವೇ ಮೊದಲ ಬಂಧನವಾಯಿತು, ಸುಪ್ರೀಂ ಕೋರ್ಟ್ ತಾನಾಗಿಯೇ ಮಧ್ಯಪ್ರವೇಶಿಸಿತು. ಎರಡೂವರೆ ತಿಂಗಳು ಆ ವಿಡಿಯೊ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಇಂಟರ್‌ನೆಟ್ ನಿಂತದ್ದರಿಂದ ಹಿಂಸೆ ನಿಲ್ಲಲಿಲ್ಲ. ಅಪರಾಧಿಗಳಿಗೆ ಮರೆ ಸಿಕ್ಕಿತು. ಜೀವ ಉಳಿಸಲು ಕಡಿತ ಎನ್ನುವವರು ಈ ಎರಡೂವರೆ ತಿಂಗಳಿಗೆ ಲೆಕ್ಕ ಕೊಡಬೇಕು. ನಾನು ಓದಿದ ಯಾವ ಸಮರ್ಥನೆಯಲ್ಲೂ ಆ ಲೆಕ್ಕವಿಲ್ಲ.

ಪರೀಕ್ಷಾ ಅಕ್ರಮ ತಡೆಯಲು ಕಡಿತ ಬೇಕೆನ್ನುವುದು ಇನ್ನೊಂದು ವಾದ. ಇದಕ್ಕೆ ಹೆಚ್ಚು ಸಮಯ ಬೇಡ. 2021ರ ಸೆಪ್ಟೆಂಬರ್ 26ರಂದು ರಾಜಸ್ಥಾನದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ ‘ರೀಟ್’ಗಾಗಿ ಹಲವು ಜಿಲ್ಲೆಗಳಲ್ಲಿ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದರು. ಪ್ರಶ್ನೆಪತ್ರಿಕೆ ಅದಕ್ಕೂ ಮೊದಲೇ ಜೈಪುರದ ಶಿಕ್ಷಾ ಸಂಕುಲದಿಂದ, ಸರ್ಕಾರಿ ಕಾವಲಿನಿಂದಲೇ, ಕಳುವಾಗಿತ್ತು. ಎರಡನೇ ಹಂತದ ಪರೀಕ್ಷೆ 2022ರ ಫೆಬ್ರುವರಿಯಲ್ಲಿ ರದ್ದಾಯಿತು. ಕಳ್ಳ ಕೊಠಡಿಯ ಒಳಗಿದ್ದ, ಬೀಗ ಬಿದ್ದದ್ದು ಊರಿನ ಬಾಗಿಲಿಗೆ. ಆ ದಿನ ಔಷಧಿ ಅಂಗಡಿಯಲ್ಲಿ ಯುಪಿಐ ನಡೆಯದೆ ವಾಪಸು ಹೋದವರು ಯಾವ ಪರೀಕ್ಷೆಯನ್ನೂ ಬರೆಯುತ್ತಿರಲಿಲ್ಲ.

ಇಲ್ಲಿ ಸಮರ್ಥಕರು ಜಾಗ ಬದಲಿಸುತ್ತಾರೆ. ಸರಿ, ದುರ್ಬಳಕೆ ಆಗಿರಬಹುದು. ಆದರೆ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆಯಲ್ಲ, ಪರಿಶೀಲನಾ ಸಮಿತಿ ಇದೆಯಲ್ಲ ಎನ್ನುತ್ತಾರೆ. ಇದೆ. ಅನುರಾಧಾ ಭಸೀನ್ ಪ್ರಕರಣದ ತೀರ್ಪು 2020ರ ಜನವರಿ 10ರದು. ಅನಿರ್ದಿಷ್ಟ ಕಾಲ ಇಂಟರ್‌ನೆಟ್ ನಿಲ್ಲಿಸುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು, ಕ್ರಮವು ಅಪಾಯಕ್ಕೆ ತಕ್ಕಷ್ಟೇ ಇರಬೇಕು ಎಂದು ಅದು ಹೇಳಿತು. ಆ ತೀರ್ಪು ಬಂದದ್ದು ಕಾಶ್ಮೀರದ ಅರ್ಜಿಯ ಮೇಲೆ. ಅದೇ ಕಾಶ್ಮೀರಕ್ಕೆ 4ಜಿ ಮರಳಿದ್ದು 2021ರ ಫೆಬ್ರುವರಿಯಲ್ಲಿ, ಅಂದರೆ ತೀರ್ಪು ಬಂದು ವರ್ಷ ಕಳೆದ ಮೇಲೆ. ಕೋವಿಡ್‌ನ ಮೊದಲ ವರ್ಷವನ್ನು ಅಲ್ಲಿನ ವೈದ್ಯರು, ವಿದ್ಯಾರ್ಥಿಗಳು ಬಹುಮಟ್ಟಿಗೆ 2ಜಿಯಲ್ಲೇ ಕಳೆದರು. 2021ರ ಡಿಸೆಂಬರ್‌ನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇನ್ನೊಂದು ಸಂಗತಿಯನ್ನು ದಾಖಲಿಸಿತು: ದೇಶದಲ್ಲಿ ಎಷ್ಟು ಸಲ, ಎಲ್ಲಿ, ಯಾಕೆ ಇಂಟರ್‌ನೆಟ್ ನಿಂತಿತು ಎಂಬ ದಾಖಲೆ ದೂರಸಂಪರ್ಕ ಇಲಾಖೆಯ ಬಳಿಯೂ ಇಲ್ಲ, ಗೃಹ ಸಚಿವಾಲಯದ ಬಳಿಯೂ ಇಲ್ಲ. ಎಷ್ಟು ಸಲ ಕತ್ತಿ ಬೀಸಿದೆವೆಂದು ಲೆಕ್ಕ ಇಡದವರು ಅಳತೆಯಿಂದ ಬೀಸಿದೆವು ಎನ್ನುವುದನ್ನು ಯಾವ ನ್ಯಾಯಾಲಯದಲ್ಲಿ ಸಾಬೀತು ಮಾಡುತ್ತಾರೆ? ಸರ್ಕಾರ ಎಣಿಸದ್ದನ್ನು ಎಣಿಸಲು ‘ಆ್ಯಕ್ಸೆಸ್ ನೌ’ ಎಂಬ ಹೊರಗಿನ ಸಂಸ್ಥೆ ಬೇಕಾಯಿತು; ಅದರ ಎಣಿಕೆಯಲ್ಲಿ 2023ರಲ್ಲಿ ಭಾರತದ್ದು 116, ಜಗತ್ತಿನಲ್ಲೇ ಹೆಚ್ಚು. ನಮ್ಮ ಮಂಗಳೂರೂ ಇಂಥ ಕಡಿತದಿಂದ ಹೊರಗುಳಿದಿಲ್ಲ. 2019ರ ಡಿಸೆಂಬರ್ 19ರ ರಾತ್ರಿ ಅಲ್ಲಿ 48 ಗಂಟೆಗಳ ಕಾಲ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಲು ಆದೇಶವಾಗಿತ್ತು.

ಮುಂದಿನದು ಎಲ್ಲರ ಬಾಯಲ್ಲೂ ಬರುವ ಮಾತು: ತಪ್ಪು ಮಾಡದವನಿಗೆ ಭಯವೇಕೆ? 2022ರ ಏಪ್ರಿಲ್ 28ರಂದು ಸರ್ಟ್-ಇನ್, ಅಂದರೆ ಸೈಬರ್ ದಾಳಿಗಳನ್ನು ಎದುರಿಸಲೆಂದೇ ಇರುವ ಕೇಂದ್ರದ ಸಂಸ್ಥೆ, ಹೊರಡಿಸಿದ ನಿರ್ದೇಶನಗಳನ್ನು ಸಮರ್ಥಿಸುವಾಗ ಈ ಮಾತು ಹೆಚ್ಚಾಗಿ ಕೇಳಿತು. ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿ ಸಂಖ್ಯೆ, ಸೇವೆ ಯಾಕೆ ಬೇಕಾಯಿತೆಂಬ ಕಾರಣವನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದಿತು ಆ ಆದೇಶ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್‌ನಂಥ ಕಂಪನಿಗಳು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಅಪರಾಧಿ ಬೇರೆ ದೇಶದ ಸರ್ವರ್ ಹಿಡಿದು ತನ್ನ ಕೆಲಸ ಮುಂದುವರಿಸಿದ. ನಿಯಮ ಪಾಲಿಸುವ ಸಾಮಾನ್ಯ ಬಳಕೆದಾರನ ವಿವರ ಮಾತ್ರ ಐದು ವರ್ಷದ ಕಣಜದಲ್ಲಿ ಬಿತ್ತು. ಕಣಜ ದೊಡ್ಡದಾದಷ್ಟೂ ಕನ್ನ ಹಾಕುವವನಿಗೆ ಲಾಭ. ಇದು ಸೈಬರ್ ಭದ್ರತೆಯ ಮೊದಲ ಪಾಠ; ಭದ್ರತೆಯ ಹೆಸರಿನಲ್ಲೇ ಅದನ್ನು ಮರೆತರು.

ಭಯವೇಕೆ ಎಂಬ ಅದೇ ಪ್ರಶ್ನೆಯನ್ನು ಒಮ್ಮೆ ಅಧಿಕಾರದ ಕಡೆಗೂ ತಿರುಗಿಸಬೇಕು. ಪೆಗಾಸಸ್ ಬೇಹು ತಂತ್ರಾಂಶದಿಂದ ಪ್ರಜೆಗಳ ಫೋನುಗಳಿಗೆ ಕನ್ನ ಹಾಕಲಾಗಿದೆ ಎಂಬ ಆರೋಪ ಬಂದಾಗ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲುಸ್ತುವಾರಿಯಲ್ಲಿ ತಾಂತ್ರಿಕ ಸಮಿತಿ ನೇಮಿಸಿತು. ಸಮಿತಿ ನೋಡಿದ 29 ಫೋನುಗಳಲ್ಲಿ ಐದರಲ್ಲಿ ಯಾವುದೋ ದುರುದ್ದೇಶದ ತಂತ್ರಾಂಶವಿತ್ತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ 2022ರ ಆಗಸ್ಟ್‌ನಲ್ಲಿ ವರದಿ ನೋಡಿದ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರು, ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲ ಎಂಬುದನ್ನು ತೆರೆದ ನ್ಯಾಯಾಲಯದಲ್ಲಿ ಹೇಳಿದರು. ತಪ್ಪು ಮಾಡದವರಿಗೆ ಭಯವಿಲ್ಲ ಎಂಬುದು ಪ್ರಜೆಗೆ ಅನ್ವಯಿಸುವುದಾದರೆ ಸರ್ಕಾರಕ್ಕೂ ಅನ್ವಯಿಸಬೇಕು. ಅನ್ವಯಿಸದಿದ್ದರೆ ಅದು ತತ್ವವೇ ಅಲ್ಲ, ಬಲವಿದ್ದವನ ಮಾತು.

ಈಗ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ವಾದಕ್ಕೆ ಬರುತ್ತೇನೆ. ನಮ್ಮ ವ್ಯವಸ್ಥೆಗಳು ಸುರಕ್ಷಿತವಾಗಿವೆ, ಸೋರಿಕೆಯ ಸುದ್ದಿ ಬಹುಪಾಲು ಕಿಡಿಗೇಡಿತನ, ವಿವರ ಹೇಳಿದರೆ ಶತ್ರುವಿಗೆ ಅನುಕೂಲ ಎಂಬುದು ಅದು. ಒಂದೊಂದಾಗಿ ನೋಡೋಣ. 2019ರ ಅಕ್ಟೋಬರ್ 29ರಂದು ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಅಧಿಕಾರಿ, ಸೈಬರ್ ದಾಳಿ ಸಾಧ್ಯವೇ ಇಲ್ಲ, ಸುದ್ದಿ ಸುಳ್ಳು ಎಂದು ಪ್ರಕಟಣೆ ಕೊಟ್ಟರು. ಮಾರನೆಯ ದಿನ ಅಣುವಿದ್ಯುತ್ ನಿಗಮವೇ ಸುದ್ದಿ ನಿಜವೆಂದು ಒಪ್ಪಿಕೊಂಡಿತು: ಆಡಳಿತ ಕೆಲಸದ ಜಾಲದಲ್ಲಿದ್ದ ಒಂದು ಕಂಪ್ಯೂಟರ್‌ಗೆ ಸೋಂಕು ತಗುಲಿತ್ತು, ಸ್ಥಾವರದ ನಿಯಂತ್ರಣ ಜಾಲ ಬೇರೆ ಇದೆ, ಅದಕ್ಕೆ ತೊಂದರೆಯಿಲ್ಲ. ಈ ವಿವರಣೆಯನ್ನು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ದಿನಾಂಕ. ಸರ್ಟ್-ಇನ್ ನಿಗಮಕ್ಕೆ ವಿಷಯ ತಿಳಿಸಿದ್ದು ಸೆಪ್ಟೆಂಬರ್ 4ರಂದು. ಸುಮಾರು ಎಂಟು ವಾರ ಕಳೆದ ಮೇಲೂ ಸ್ಥಾವರದ ಮೊದಲ ಮಾತು ಅಲ್ಲಗಳೆಯುವುದೇ ಆಗಿತ್ತು. ಆ ಮಾತನ್ನು ಕೇಳಿಸಿಕೊಂಡವರು ಶತ್ರುಗಳಲ್ಲ. ಸೋಂಕು ಹಾಕಿದವನಿಗೆ ಸೋಂಕಿನ ವಿಷಯ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ನಾವು.

ಕೋವಿಡ್ ಲಸಿಕೆ ನೋಂದಣಿಯ ಸರ್ಕಾರಿ ಜಾಲತಾಣ ಕೋವಿನ್‌ನ ವಿಚಾರ ಇನ್ನೂ ನೇರ. 2023ರ ಜೂನ್ 12ರಂದು ಟೆಲಿಗ್ರಾಮ್‌ನ ಒಂದು ಬಾಟ್‌ಗೆ ಫೋನ್ ಸಂಖ್ಯೆ ಕೊಟ್ಟರೆ ಲಸಿಕೆ ಹಾಕಿಸಿಕೊಂಡವರ ಹೆಸರು, ಗುರುತಿನ ಚೀಟಿಯ ಸಂಖ್ಯೆ ಬರುತ್ತಿತ್ತು. ಆರೋಗ್ಯ ಸಚಿವಾಲಯ ವರದಿಗಳು ನಿರಾಧಾರ, ಕಿಡಿಗೇಡಿತನದ್ದು ಎಂದಿತು. ಅದೇ ದಿನ ಐ.ಟಿ. ಖಾತೆಯ ರಾಜ್ಯ ಸಚಿವರು, ಬಾಟ್ ತೋರಿಸುತ್ತಿರುವುದು ಹಿಂದೆ ಕಳುವಾದ ಮಾಹಿತಿಯಂತೆ ಕಾಣುತ್ತದೆ ಎಂದರು. ನಿರಾಧಾರವೋ, ಹಿಂದೆಯೇ ಕಳುವಾದದ್ದೋ? ಹಿಂದೆಯೇ ಕಳುವಾಗಿದ್ದರೆ ಕಳುವಾದ ದಿನ ನಮಗೆ ಹೇಳಿದವರು ಯಾರು? ಅದೇ ತಿಂಗಳು ಬಿಹಾರದಲ್ಲಿ ಬಂಧನವೂ ನಡೆಯಿತು. ನಿರಾಧಾರ ವರದಿಗೆ ಬಂಧನವೇಕೆ?

ದೆಹಲಿಯ ಏಮ್ಸ್‌ಗೆ 2022ರ ನವೆಂಬರ್ 23ರಂದು ಮಾಹಿತಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿದಾಗ ಸುಮಾರು ಎರಡು ವಾರ ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲೊಂದು ಕಾಗದ-ಪೆನ್ನಿಗೆ ಮರಳಿತು. ದೂರದೂರಿನಿಂದ ಬಂದ ರೋಗಿಗಳ ಚೀಟಿಗಳನ್ನು ಕೈಯಲ್ಲಿ ಬರೆದರು. ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಉತ್ತರದ ಪ್ರಕಾರ ಐದು ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ಮಾಹಿತಿ ಗೂಢಲಿಪಿಯಾಗಿ ಕೈತಪ್ಪಿತ್ತು. ಜಾಲವನ್ನು ಸರಿಯಾಗಿ ವಿಂಗಡಿಸದೆ ಇದ್ದದ್ದು ಕಾರಣ. ಆ ಪದವನ್ನು ಗಮನಿಸಿ: ವಿಂಗಡಣೆ. ಒಂದು ಕೋಣೆಗೆ ಬೆಂಕಿ ಬಿದ್ದರೆ ಇನ್ನೊಂದಕ್ಕೆ ಹಬ್ಬದಂತೆ ಗೋಡೆ ಕಟ್ಟುವ ಕೆಲಸ. ಅದಕ್ಕೆ ಯಾರ ಇಂಟರ್‌ನೆಟ್ಟನ್ನೂ ಕಡಿಯಬೇಕಿಲ್ಲ, ಯಾರ ವಿಪಿಎನ್ ವಿವರವೂ ಬೇಕಿಲ್ಲ. ಬೇಕಾದದ್ದು ಸಂಬಳ ಕೊಟ್ಟು ಇಟ್ಟ ತಂತ್ರಜ್ಞರು, ಆಗಾಗ ತಪಾಸಣೆ, ಬೇರೆಡೆ ಇಟ್ಟ ಬ್ಯಾಕಪ್. ನಿಜವಾದ ಸೈಬರ್ ಭದ್ರತೆ ಹೀಗೆ ಬೇಸರ ತರಿಸುವ ದಿನನಿತ್ಯದ ಕೆಲಸ. ಅದು ಆಗದ ಕಡೆ ಆದೇಶಗಳು ಹೆಚ್ಚುತ್ತವೆ.

ಸರ್ಟ್-ಇನ್‌ನ 2022ರ ನಿರ್ದೇಶನ ಸೋರಿಕೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಿ ಎನ್ನುತ್ತದೆ, ಸರ್ಕಾರಿ ಸಂಸ್ಥೆಗಳಿಗೂ. ಸಮರ್ಥಕರು ಇದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ವರದಿ ಯಾರಿಗೆ? ಸರ್ಟ್-ಇನ್‌ಗೆ. ಮಾಹಿತಿ ಕಳೆದುಕೊಂಡ ನಿಮಗಲ್ಲ. ಸರಿ, ಮಾಹಿತಿ ಹಕ್ಕಿನಡಿ ಸರ್ಟ್-ಇನ್ ಅನ್ನೇ ಕೇಳೋಣ ಎಂದರೆ 2023ರ ನವೆಂಬರ್‌ನಲ್ಲಿ ಅದನ್ನು ಆ ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟರು. ಬೇಹುಗಾರಿಕೆ ಸಂಸ್ಥೆಗಳ ಸಾಲಿಗೆ ಸೈಬರ್ ಅಗ್ನಿಶಾಮಕ ದಳವನ್ನೂ ಸೇರಿಸಿದಂತಾಯಿತು. ಮಾಹಿತಿ ಒಳಗೆ ಹೋಗುವ ದಾರಿಗೆ ಆರು ಗಂಟೆಯ ಗಡುವು, ಹೊರಗೆ ಬರುವ ದಾರಿಯೇ ಇಲ್ಲ. ಮುಚ್ಚಿಟ್ಟರೆ ಭದ್ರ ಎನ್ನುವವರಿಗೆ ನನ್ನ ಉತ್ತರ ಬೆರಳ ತುದಿಯಷ್ಟು ಚಿಕ್ಕದು.

ಅಕ್ಷರಶಃ ಬೆರಳ ತುದಿ. ನೀವು ಸೈಟೋ ಮನೆಯೋ ಕೊಂಡು ಕ್ರಯಪತ್ರ ನೋಂದಣಿಗೆ ಹೋಗುತ್ತೀರಿ. ಸಣ್ಣ ಗಾಜಿನ ಸ್ಕ್ಯಾನರ್ ಮೇಲೆ ಹೆಬ್ಬೆಟ್ಟು ಇಡುತ್ತೀರಿ. ಆ ಗುರುತು, ಆಧಾರ್ ಸಂಖ್ಯೆ, ವಿಳಾಸ ಎಲ್ಲ ದಸ್ತಾವೇಜಿನ ಹಾಳೆಯಲ್ಲಿ ಮುದ್ರಿತವಾಗುತ್ತವೆ. ಇನ್ನೊಂದು ಕಡೆ, ಆಧಾರ್ ಆಧರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಕಾರ್ಡ್ ಬೇಡ, ಪಿನ್ ಬೇಡ, ಒಟಿಪಿ ಬೇಡ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಹೆಬ್ಬೆಟ್ಟು ಸಾಕು. ಹಳ್ಳಿಯ ವೃದ್ಧೆ ಪಿಂಚಣಿಗೆ ಪೇಟೆಗೆ ಅಲೆಯದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಮಾಡಿದ್ದು ಅದು. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡ ಹಲವರ ಖಾತೆಗಳಿಂದ ಹಣ ಹೋಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕ ಸಿಗುತ್ತಿದ್ದ ದಸ್ತಾವೇಜುಗಳ ಬೆರಳಚ್ಚನ್ನು ನಕಲು ಮಾಡಿ ವಂಚಕರು ಬಳಸಿದರೆಂಬುದು ಪೊಲೀಸರ ತನಿಖೆಯಲ್ಲಿ ಹೊರಬಂತು. ಆಮೇಲೆ ಬೆರಳಚ್ಚು ಕಾಣದಂತೆ ಮರೆಮಾಡುವ ಕೆಲಸ ನಡೆಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು.

ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು. ಹೆಬ್ಬೆಟ್ಟು ಕಳುವಾದರೆ? ಸಾಯುವವರೆಗೆ ಅದೇ ಹೆಬ್ಬೆಟ್ಟು. ಇಲ್ಲಿ ಹೊರದೇಶದ ಶತ್ರು ಕೋಟೆ ಮುರಿಯಲಿಲ್ಲ, ಭಯೋತ್ಪಾದಕ ವಿಪಿಎನ್ ಬಳಸಲಿಲ್ಲ. ನಮ್ಮಿಂದ ಕಡ್ಡಾಯವಾಗಿ ಪಡೆದ ವಸ್ತುವನ್ನು ಪಡೆದವರೇ ಬೀದಿಯಲ್ಲಿಟ್ಟರು. ಪ್ರಜೆಯನ್ನು ಕಾಯುವುದೆಂದರೆ ಪ್ರಜೆಯ ಮೇಲೆ ಕಣ್ಣಿಡುವುದಲ್ಲ, ಪ್ರಜೆ ನಂಬಿ ಕೊಟ್ಟದ್ದನ್ನು ಜೋಪಾನ ಮಾಡುವುದು. ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಇದೇ.

ವಂಚನೆ ತಡೆಯಲೆಂದೇ ಬಿಗಿ ಕ್ರಮ ಬೇಕಲ್ಲವೇ ಎನ್ನುತ್ತಾರೆ. ವಂಚನೆ ದೊಡ್ಡದು ನಿಜ; ಸಂಸತ್ತಿಗೆ ಗೃಹ ಸಚಿವಾಲಯ ಕೊಟ್ಟ ಅಂಕಿಯಂತೆ 2024ರಲ್ಲಿ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಹಾಗೆಂದು 2025ರ ನವೆಂಬರ್ 28ರಂದು, ಪ್ರತಿ ಹೊಸ ಫೋನಿನಲ್ಲೂ ಸರ್ಕಾರದ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಇರಬೇಕು, ಅದರ ಕೆಲಸಗಳನ್ನು ನಿಷ್ಕ್ರಿಯಗೊಳಿಸುವಂತಿರಬಾರದು ಎಂದು ದೂರಸಂಪರ್ಕ ಇಲಾಖೆ ಫೋನ್ ಕಂಪನಿಗಳಿಗೆ ಆದೇಶ ಕಳಿಸಿತು. ಸುದ್ದಿ ಹೊರಬಿದ್ದ ಮೇಲೆ ಸಚಿವರು, ಬೇಡವಾದವರು ಅಳಿಸಬಹುದು ಎಂದರು. ಡಿಸೆಂಬರ್ 3ರಂದು ಆದೇಶವೇ ವಾಪಸಾಯಿತು. ಅಳಿಸಬಹುದಾಗಿದ್ದರೆ ಆದೇಶದಲ್ಲಿ ಆ ಸಾಲು ಏಕಿತ್ತು? ಕಡ್ಡಾಯವಿಲ್ಲದೆ ದೇಶ ಕಾಯಲಾಗದು ಎಂದಿದ್ದರೆ ಐದೇ ದಿನದಲ್ಲಿ ಅಪಾಯ ಕರಗಿದ್ದು ಹೇಗೆ? ಪ್ರಶ್ನೆ ಎದ್ದಿತು, ಆದೇಶ ಹೋಯಿತು. ಪ್ರಶ್ನಿಸುವುದು ಭದ್ರತೆಗೆ ಅಡ್ಡಿ ಎನ್ನುವವರು ಈ ಐದು ದಿನಗಳನ್ನು ನೆನಪಿಟ್ಟುಕೊಳ್ಳಲಿ.

ಅಭಿವೃದ್ಧಿಶೀಲ ದೇಶಕ್ಕೆ ಖಾಸಗಿತನ ದುಬಾರಿ, ಅದು ಶ್ರೀಮಂತ ದೇಶಗಳ ಚಿಂತೆ, ಬಡವನಿಗೆ ಮೊದಲು ಅನ್ನ ಎಂಬ ವಾದ ಕೇಳಿದಾಗ ನನಗೆ ನಿಜವಾಗಿ ನೋವಾಗುತ್ತದೆ. ಇಂಟರ್‌ನೆಟ್ ನಿಂತಾಗ ಮೊದಲು ನಿಲ್ಲುವುದು ಬಡವನ ಅನ್ನವೇ. ಕಡಿತದ ಆದೇಶಗಳು ಬಹುಪಾಲು ಮೊಬೈಲ್ ಇಂಟರ್‌ನೆಟ್ಟಿಗೆ ಬೀಳುತ್ತವೆ. ದೇಶದ ಇಂಟರ್‌ನೆಟ್ ಚಂದಾದಾರರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ಇರುವುದೇ ಅದು. ಬಂಗಲೆಯ ಫೈಬರ್ ಸಂಪರ್ಕ ಎಷ್ಟೋ ಸಲ ಹಾಗೇ ಇರುತ್ತದೆ. 2023ರ ಜನವರಿಯಿಂದ ನರೇಗಾ ಕೂಲಿಯವರ ಹಾಜರಿಯನ್ನು ಆ್ಯಪ್‌ನಲ್ಲಿ, ದಿನಕ್ಕೆರಡು ಫೋಟೊ ತೆಗೆದು ಹಾಕಬೇಕೆಂದು ಕಡ್ಡಾಯ ಮಾಡಿದರು. ಕೂಲಿ ಗುಂಪನ್ನು ನೋಡಿಕೊಳ್ಳುವ ಮೇಟಿ ಫೋನ್ ಎತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾ ದಿಬ್ಬ ಹತ್ತುತ್ತಾಳೆ. ಅಷ್ಟರಲ್ಲಿ ಹೆಣ್ಣಾಳುಗಳು ಮಣ್ಣು ಹೊತ್ತು ಮುಗಿಸಿರುತ್ತಾರೆ. ಫೋಟೊ ಹೋಗದಿದ್ದರೆ ಆ ದಿನದ ಹಾಜರಿಯೇ ಸಂಶಯಕ್ಕೆ ಬೀಳುತ್ತದೆ. ಪಡಿತರ ಅಂಗಡಿಯ ಹೆಬ್ಬೆಟ್ಟಿನ ಯಂತ್ರಕ್ಕೂ ಅದೇ ಸಿಗ್ನಲ್ ಬೇಕು. ಅನ್ನವನ್ನು ಇಂಟರ್‌ನೆಟ್ಟಿಗೆ ಕಟ್ಟಿದವರೇ ಇಂಟರ್‌ನೆಟ್ ಕಡಿದು, ಬಡವನಿಗೆ ಅನ್ನ ಮುಖ್ಯ ಎನ್ನುವುದು ಯಾವ ತರ್ಕ?

ಖಾಸಗಿತನ ಹೊರಗಿನಿಂದ ತಂದ ಸರಕು ಎನ್ನುವವರಿಗೆ ಒಂದು ಹೆಸರು ಸಾಕು. ಆ ಹಕ್ಕಿಗಾಗಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು.

ಕೊನೆಗೆ ಅವರು ಒಡ್ಡುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು. 250 ಕೋಟಿ ರೂಪಾಯಿವರೆಗೆ ದಂಡವಿದೆ, ಸೋರಿಕೆಯಾದರೆ ನಿಮಗೆ ತಿಳಿಸಬೇಕೆಂಬ ನಿಯಮವಿದೆ, ಇನ್ನೇನು ಬೇಕು ಎಂದು ಕೇಳುತ್ತಾರೆ. ಕಾಯ್ದೆಯನ್ನು ಓದಿದರೆ ಉತ್ತರ ಸಿಗುತ್ತದೆ. ಸೆಕ್ಷನ್ 17ರ ಪ್ರಕಾರ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮೊದಲಾದ ಕಾರಣಗಳಿಗೆ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಅಧಿಸೂಚನೆ ಹೊರಡಿಸಿ ಈ ಕಾಯ್ದೆಯಿಂದಲೇ ಹೊರಗಿಡಬಹುದು. ಸೆಕ್ಷನ್ 44 ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ತಿದ್ದಿತು. ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಸಾಲು ಅದರಲ್ಲಿತ್ತು, ಈಗ ಇಲ್ಲ. ವೈಯಕ್ತಿಕ ಮಾಹಿತಿ ಎಂದರೆ ಸಾಕು, ಅಧಿಕಾರಿ ಕೊಡದಿರಬಹುದು. 8(2)ರಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅವಕಾಶ ಹಾಗೇ ಉಳಿದಿದೆ ಎನ್ನುತ್ತಾರೆ. ಉಳಿದಿದೆ, ಆದರೆ ಹಿತಾಸಕ್ತಿ ದೊಡ್ಡದೋ ಗುಟ್ಟು ದೊಡ್ಡದೋ ಎಂದು ತೂಗುವ ತಕ್ಕಡಿ, ಮಾಹಿತಿ ಕೊಡಬೇಕಾದ ಕಚೇರಿಯ ಕೈಯಲ್ಲೇ ಇದೆ.

ಇನ್ನು ಜಾರಿಯ ದಿನಾಂಕಗಳನ್ನು ನೋಡಿ, ಆಮೇಲೆ ತೀರ್ಪು ಕೊಡಿ. ಪ್ರಜೆಯ ಮಾಹಿತಿ ಹಕ್ಕನ್ನು ಮೊಟಕುಗೊಳಿಸುವ ಆ ತಿದ್ದುಪಡಿ 2025ರ ನವೆಂಬರ್‌ನಲ್ಲಿ, ನಿಯಮಗಳು ಪ್ರಕಟವಾದ ಕೂಡಲೇ ಜಾರಿಗೆ ಬಂತು. ನಿಮ್ಮ ಮಾಹಿತಿ ಸೋರಿಕೆಯಾದರೆ ನಿಮಗೆ ತಿಳಿಸಲೇಬೇಕೆಂಬ ನಿಯಮಕ್ಕೆ ಮಾತ್ರ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟರು. ಅದು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ.